ಬೀಜಕ್ಕೆ ಬಿಟ್ಟ ಬದನೆಕಾಯಿ

ನಿನ್ನೆ ಬೆಳಿಗ್ಗೆ ಹಿತ್ತಲಿಗೆ ಹೋಗಿ ಬದನೆ ಗಿಡದ ಎಲೆಯೊಂದನ್ನು ಮುಟ್ಟಿದೆ. ಸುಟ್ಟ ಹಪ್ಪಳದ ಹಾಗೆ ಕೈಯಲ್ಲೇ ಪುಡಿಯಾಯಿತು. ಮೂಗಿಗೆ ಹಿಡಿದರೆ ಹುರಿದ ಸೊಪ್ಪಿನ ವಾಸನೆ. ಒಂದು ಮದುವೆ, ಅದರ ಬೆನ್ನಿಗೇ ಇನ್ನೊಂದು ಮದುವೆ ಅಂತ ನಾನೂ ನನ್ನ ಹೆಂಡತಿಯೂ ಹತ್ತು ದಿನ ಬಾಗಿಲಿಗೆ ಬೀಗ ಹಾಕಿ ಹೋಗಿದ್ದೆವು. ಗಿಡಗಳಿಗೆ ನೀರು ಹಾಕಲು ಯಾರಿಗಾದರೂ ಹೇಳಬೇಕಿತ್ತು, ನಾನು ಮರೆತೆ. ರಬಕವಿಯ ಬಿಸಿಲು ಮರೆಯಲಿಲ್ಲ, ದಿನಾ ತಪ್ಪದೆ ಬಂದು ಹೋಗಿದೆ. ಆರು ಗಿಡಗಳಿದ್ದವು, ಆರೂ ನಿಂತಲ್ಲೇ ಒಣಗಿದ್ದವು. ಡಬ್ಬಿಯಲ್ಲಿದ್ದ ಬೀಜವನ್ನೆಲ್ಲ ಈ ವರ್ಷ ಒಮ್ಮೆಲೇ ಹಾಕಿ ಮುಗಿಸಿದ ಜಾಣನೂ ನಾನೇ.

ಬದನೆಕಾಯಿ ತಾನೇ, ಸಂತೆಯಲ್ಲಿ ಸಿಗುವುದಿಲ್ಲವೇ ಅಂತೀರಿ. ಸಿಗುತ್ತದೆ. ಆದರೆ ಇದು ದೊಡ್ಡವ್ವನ ಬದನೆಕಾಯಿ.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವಳ ತವರು ಅನಗವಾಡಿ ಕಡೆ, ಹೊಳೆಯ ದಂಡೆಗೇ ಹೊಲ. ಆ ಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಯಿತು. ಆದರೂ ಅಲ್ಲಿಯ ಬದನೆಯ ಬೀಜವನ್ನು ಅವಳು ಪ್ರತಿ ವರ್ಷ ಹಾಕಿ, ಪ್ರತಿ ವರ್ಷ ತೆಗೆದು ಉಳಿಸಿಕೊಂಡು ಬಂದಿದ್ದಳು. ತಿಳಿಹಸಿರು ಕಾಯಿ, ಮೈಮೇಲೆ ನೇರಳೆ ಗೀರು, ತೊಟ್ಟಿನ ಮೇಲೆ ಬೆರಳಿಗೆ ಚುಚ್ಚುವ ಮುಳ್ಳು. ಐದಾರು ವರ್ಷದ ಹಿಂದೆ ಮಂಡಿನೋವು ಬಂತೆಂದು ನಮ್ಮ ಮನೆಯಲ್ಲಿರಲು ಬಂದಾಗ, ಬಸ್ಸಿನಿಂದ ಇಳಿದವಳೇ ಸೊಂಟದ ಸಂಚಿಯಿಂದ ಒಂದು ಚಿಂದಿ ಗಂಟು ತೆಗೆದು ನನ್ನ ಕೈಗಿಟ್ಟಳು. ಬಿಚ್ಚಿದರೆ ಬೂದಿ, ಬೂದಿಯೊಳಗೆ ಒಂದು ಚಿಟಿಕೆ ಬೀಜ.

"ಇಷ್ಟ ಉಳದೈತಿ ನೋಡು. ಉಳದದ್ದು ಇಲಿ ತಿಂದುವು. ಇದನ್ನೂ ನೀ ಕೆಡಿಸಿದ್ಯೋ, ನಂದೂ ಒಂದ ತವರಮನಿ ಇತ್ತು ಅಂತ ತೋರ್ಸಾಕ ಏನೂ ಇರಂಗಿಲ್ಲ" ಅಂದಳು. ನಗುನಗುತ್ತಲೇ ಅಂದಳು. ಆದರೆ ಗಂಟನ್ನು ನನ್ನ ಕೈಗಿಟ್ಟ ಮೇಲೂ ಒಂದು ಗಳಿಗೆ ಅದನ್ನು ಬಿಡಲಿಲ್ಲ.

ಬೇಸಿಗೆಯ ಹಿತ್ತಲು ಅಂದರೆ ಏನು ಅಂತ ನನಗೆ ತಿಳಿದದ್ದೇ ಆ ವರ್ಷ. ಅಲ್ಲಿಯವರೆಗೆ ನಮ್ಮ ಹಿತ್ತಲಲ್ಲಿ ಬೆಳೆಯುತ್ತಿದ್ದದ್ದು ಬಟ್ಟೆ ಒಣಗಿಸುವ ಹಗ್ಗ ಒಂದೇ. ನಳದ ನೀರು ತನಗೆ ಮನಸ್ಸು ಬಂದ ದಿನ ಬರುತ್ತಿತ್ತು. ಬಂದ ದಿನ ಉತ್ಸಾಹದಲ್ಲಿ ನಾನು ನಡುಮಧ್ಯಾಹ್ನವೇ, ಆ ಬೀಜದಿಂದ ಎದ್ದ ಹನ್ನೊಂದು ಸಸಿಗಳಿಗೆ ನೀರು ಸುರಿದು ಏಳನ್ನು ಬೇಯಿಸಿಬಿಟ್ಟೆ. ಇನ್ನು ಮೂರಕ್ಕೆ ಪಾತ್ರೆ ತೊಳೆದ ನೀರನ್ನು ಸೋಪಿನ ಸಮೇತ ಹಾಕಿದೆ. ಕಡೆಗೆ ಉಳಿದದ್ದು ಒಂದೇ ಒಂದು ಗಿಡ. ಅದಕ್ಕೆ ನೆರಳು ಬೇಕೆಂದು ಮನೆಯಲ್ಲಿದ್ದ ಹಳೆ ಸೀರೆಗಳನ್ನೆಲ್ಲ ಸುತ್ತ ಕಟ್ಟಿದೆ. ನಮ್ಮದು ನೇಕಾರರ ಓಣಿ. ಹೋಗುವವರು ಗೋಡೆಯ ಮೇಲಿಂದ ಇಣುಕಿ, "ಸೀರಿ ಅಂಗಡಿ ಯಾವಾಗ ತಗದ್ರಿ?" ಅಂತ ಕೇಳತೊಡಗಿದರು. ದೊಡ್ಡವ್ವ ಒಂದು ವಾರ ಸುಮ್ಮನಿದ್ದು ನೋಡಿದಳು. ಆಮೇಲೆ ಪಡುವಣದ ಕಡೆಯ ಒಂದು ಸೀರೆ ಬಿಟ್ಟು ಉಳಿದವನ್ನೆಲ್ಲ ಬಿಚ್ಚಿಸಿದಳು. "ಗಿಡ ಐತೋ ಇದು, ಮದುಮಗಳು ಅಲ್ಲ. ಮುಂಜಾನಿ ಬಿಸಲು ಬೀಳಲಿ."

ಗಿಡ ಚಿಗುರಿತು. ಏಪ್ರಿಲ್‌ನಲ್ಲಿ ಆರು ಕಾಯಿ ಕಚ್ಚಿತು. ಒಂದು ದಿನ ದೊಡ್ಡವ್ವ ಊಟಕ್ಕೆ ಕೂತಾಗ, "ಒಂದು ಬೀಜಕ್ಕ ಬಿಡು, ಉಳದದ್ದು ಏನರ ಮಾಡ್ಕೊ" ಅಂದಳು. ನಾನು ಹೂಂ ಅಂದೆ.

ಇಲ್ಲಿ ನಿಮಗೆ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಬರಿಯ ದಡ್ಡ ಅಂದುಕೊಳ್ಳುತ್ತೀರಿ. ನಾನು ಕಚೇರಿಯ ಕೆಲಸಕ್ಕೆ ಹೋದವನಾದರೂ ನಮ್ಮಪ್ಪ ಮಗ್ಗದವನು. ನೇಯುವ ಮನೆಯಲ್ಲಿ ಚೊಕ್ಕ ಸೀರೆ ಯಾವಾಗಲೂ ಪೇಟೆಗೆ. ಎಳೆ ತಪ್ಪಿದ್ದು, ಡಾಗು ಬಿದ್ದದ್ದು ಮನೆಗೆ. ನಮ್ಮವ್ವ ಉಟ್ಟ ಒಂದೊಂದು ಸೀರೆಯಲ್ಲೂ ಎಲ್ಲೋ ಒಂದು ಕಡೆ ತಪ್ಪಿರುತ್ತಿತ್ತು. ಆ ಜಾಗವನ್ನು ಅವಳು ನಿರಿಗೆಯೊಳಗೆ ಎಷ್ಟು ಚಂದ ಮುಚ್ಚುತ್ತಿದ್ದಳೆಂದರೆ, ಹೊರಗಿನವರಿಗೆ ಅವಳೇ ಓಣಿಯಲ್ಲೆಲ್ಲ ಶ್ರೀಮಂತಳಾಗಿ ಕಾಣುತ್ತಿದ್ದಳು. ಒಳ್ಳೆಯದು ಹೊರಗೆ, ಉಳಿದದ್ದು ಒಳಗೆ. ಇದು ನಮಗೆ ಯಾರೂ ಕಲಿಸಿದ್ದಲ್ಲ, ರಕ್ತದಲ್ಲಿ ಬಂದದ್ದು.

ಮರುದಿನ ಪಕ್ಕದ ಮನೆಯ ಶಿವಕ್ಕ ಗೋಡೆಯ ಹತ್ತಿರ ಬಂದು, "ಸಾವಳಗಿಯಿಂದ ನಮ್ಮ ಬೀಗರು ಬರಾಕತ್ತಾರ್ರಿ. ನಿಮ್ಮ ಗಿಡದಾಗ ನಾಕ್ ಬದನಿಕಾಯಿ ಅದಾವೇನ್ರಿ?" ಅಂದರು. ಮಗಳನ್ನು ಕೊಟ್ಟ ಮನೆಯವರು ಊಟಕ್ಕೆ ಬರುವುದೆಂದರೆ ಸಣ್ಣ ಮಾತೇ? ನಾಲ್ಕಲ್ಲ, ಐದು ಕಾಯಿ ಕಿತ್ತು ಕೊಟ್ಟೆ. ಎಲ್ಲವೂ ಹೊಳೆಯುವಂಥವು. ಉಳಿದ ಒಂದು ಡೊಂಕು ಕಾಯಿ. ಅದಕ್ಕೆ ಕೆಂಪು ದಾರ ಕಟ್ಟಿ, ಬೀಜಕ್ಕೆ ಬಿಟ್ಟಾಯಿತು ಅಂತ ಕೈ ತೊಳೆದುಕೊಂಡೆ.

ಸಂಜೆಯ ಮುಂದೆ ದೊಡ್ಡವ್ವ ಕೋಲೂರಿಕೊಂಡು ಗಿಡದ ಹತ್ತಿರ ಹೋದಳು.

"ಬೀಜಕ್ಕ ಬಿಟ್ಟಿಯೇನೋ?"

"ಬಿಟ್ಟೇನಿ ದೊಡ್ಡವ್ವ. ದಾರಾ ಸೈತ ಕಟ್ಟೇನಿ."

ಅವಳು ಬಗ್ಗಿ ನೋಡಿದಳು. ಕಾಯಿಯನ್ನು ತಿರುಗಿಸಿದಳು. ಹಿಂಬದಿಗೆ ಹುಳು ಕೊರೆದ ತೂತು.

"ಇದನ್ನ?"

"ಹೂಂ. ಛಲೋವು ಶಿವಕ್ಕಗ ಕೊಟ್ಟೆ. ಅವರ ಬೀಗರು ಬಂದಾರ."

ದೊಡ್ಡವ್ವ ಅಲ್ಲೇ ಕಟ್ಟೆಯ ಮೇಲೆ ಕೂತಳು. "ಇದರಾಗಿನ ಬೀಜ ಹುಳಾ ತಿಂದಿರತೈತಿ. ಇನ್ನ ಬಿಸಲಿಗೆ ಹೂವೂ ಉದರತಾವು. ಗಿಡ ಮಳಿ ಮಟಾ ಇದ್ದೀತೋ ಇಲ್ಲೋ. ಯಾರರ ಡೊಂಕಿದ್ದು ಬೀಜಕ್ಕ ಬಿಡತಾರೇನಲೇ? ಹೆಣ್ಣ ನೋಡಾಕ ಹೋದಾಗೂ ಹಿಂಗ ಆರಿಸಿದ್ದೇನು?"

ಅಡಿಗೆಮನೆಯಿಂದ ನನ್ನ ಹೆಂಡತಿ, "ಅವರೆಲ್ಲಿ ಆರಿಸ್ಯಾರ್ರಿ ಅತ್ತಿ, ಆರಿಸಿದ್ದು ನಾವು. ಅದಕ್ಕ ಡೊಂಕಿದ್ದು ಸಿಕ್ತು" ಅಂದಳು.

ದೊಡ್ಡವ್ವ ನಗಲಿಲ್ಲ. ಅವಳು ನಗದೆ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ.

ಶಿವಕ್ಕನ ಮನೆಯಲ್ಲಿ ಹುರಿದ ಶೇಂಗಾ, ಗುರೆಳ್ಳಿನ ಘಮ. ಬೀಗರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾರೆ, ಶಿವಕ್ಕ ನಾಲ್ಕು ಕಾಯಿ ಸೀಳಿ ಆಗಿದೆ, ಐದನೆಯದು ಕೈಯಲ್ಲಿದೆ. "ಶಿವಕ್ಕ, ಅದೊಂದು ವಾಪಸ್ ಬೇಕಾಗಿತ್ರಿ" ಅಂದೆ. ಶಿವಕ್ಕ ಕಾಯಿಯನ್ನು ನನ್ನ ಅಂಗೈಗಿಟ್ಟರು. ಹಿಂದಿನಿಂದ ಬೀಗರ ದನಿ ಕೇಳಿಸಿತು: "ಮಂದಿ ಛಲೋ ಅದಾರ. ಬರೇ ಒಂದ ವಾಪಸ್ ಕೇಳಿದ್ರು."

ಗೆದ್ದವನಂತೆ ಬಂದು ದೊಡ್ಡವ್ವನ ಮುಂದೆ ಹಿಡಿದೆ. ಅವಳು ಕಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದಳು. "ಎಳೀ ಕಾಯಿ ಐತೋ ಇದು. ಗಿಡದಾಗ ಹಣ್ಣಾಗಿ ಹಳದಿ ಆದರ ಬೀಜ. ಹರದ ಮ್ಯಾಗ ಏನೈತಿ ಇದರಾಗ? ಹೋಗು, ಕೊಟ್ಟ ಬಾ."

ಹೌದು, ಮತ್ತೆ ಕೊಟ್ಟು ಬಂದೆ. ಆ ಎರಡನೆಯ ಸಲದ್ದನ್ನು ನಾನು ವರ್ಣಿಸುವುದಿಲ್ಲ. ಅಂದಿನಿಂದ ಶಿವಕ್ಕನ ಅಡಿಗೆಮನೆ ದಾಟಿ ಅವರ ಹಿತ್ತಲಿಗೆ ಕಾಲಿಡುವ ಧೈರ್ಯ ನನಗೆ ಬರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಮರುದಿನ ದೊಡ್ಡವ್ವ ಗಿಡದ ತಲೆಯನ್ನು ಕತ್ತರಿಸಿಬಿಟ್ಟಳು. ಬುಡಕ್ಕೆ ಬೂದಿ, ಅಕ್ಕಿ ತೊಳೆದ ನೀರು, ಮೇಲೆ ಜೋಳದ ದಂಟಿನ ಹೊದಿಕೆ. ಕೊಡ ಹೊತ್ತು ತರುವ ಕೆಲಸ ನನ್ನದು, ಬೈಯುವ ಕೆಲಸ ಅವಳದು. ಹೊಸ ಚಿಗುರು ಬಂತು, ಹೂ ಬಂದವು, ಬಿಸಿಗಾಳಿಗೆ ಉದುರಿದವು. ಮತ್ತೆ ಬಂದವು, ಮತ್ತೆ ಉದುರಿದವು. ಮೊದಲ ಮಳೆ ಬಿದ್ದ ವಾರ ಒಂದು ಹೂ ನಿಂತಿತು, ಕಾಯಾಯಿತು. ಅದು ಬೆಳೆದು, ಬಲಿತು, ಅರಿಸಿನದ ಬಣ್ಣಕ್ಕೆ ತಿರುಗುವವರೆಗೆ ನಮ್ಮ ಮನೆಯಲ್ಲಿ ಯಾರೂ ಬದನೆಕಾಯಿಯ ಹೆಸರೆತ್ತಲಿಲ್ಲ. ನೀರಿನಲ್ಲಿ ಕಿವುಚಿ ತೆಗೆದ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಡಬ್ಬಿಗೆ ಹಾಕಿ ನನಗೆ ಕೊಟ್ಟು, ಮಂಡಿ ವಾಸಿಯಾದ ದೊಡ್ಡವ್ವ ಮುಧೋಳಕ್ಕೆ, ಮಗಳ ಮನೆಗೆ ಹೋದಳು.

ಆ ಬೀಜವನ್ನೇ ನೋಡಿ, ನಾನು ನಿನ್ನೆಯ ಸ್ಥಿತಿಗೆ ತಂದು ಮುಟ್ಟಿಸಿದ್ದು.

ಒಣಗಿದ ಗಿಡಗಳ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಗೋಡೆಯಾಚೆಯಿಂದ ಶಿವಕ್ಕ, "ಏನ್ರಿ, ಹಿಂಗ್ಯಾಕ ನಿಂತೀರಿ?" ಅಂದರು. ಹೇಳಿದೆ. "ಅಯ್ಯ, ಇತ್ಲಾಗ ಬರ್ರಿ" ಅಂದರು. ಅಳುಕುತ್ತಲೇ ಹೋದೆ. ಅವರ ಹಿತ್ತಲಲ್ಲಿ ಬೇವಿನ ನೆರಳಿಗೆ, ನಮ್ಮ ಗೋಡೆಯಿಂದ ಕಾಣದ ಮೂಲೆಯಲ್ಲಿ ನಾಲ್ಕು ಗಿಡ. ತಿಳಿಹಸಿರು ಕಾಯಿ, ನೇರಳೆ ಗೀರು. ಎಲ್ಲಕ್ಕಿಂತ ಚಂದದ ಕಾಯಿಗೊಂದು ಚಿಂದಿ ಕಟ್ಟಿತ್ತು. ಈ ವರ್ಷಗಳಲ್ಲಿ ಅವರ ಮನೆಯಿಂದ ವಾಟಿಯಲ್ಲಿ ಬಂದ ಎಣ್ಣೆಗಾಯಿಯನ್ನೆಲ್ಲ ಸಂತೆಯ ಬದನೆಯದೆಂದು ತಿಂದಿದ್ದೆ, ನೋಡಿ ನನ್ನ ನಾಲಿಗೆಯ ಪರಿಣತಿ.

"ನಿಮ್ಮ ದೊಡ್ಡವ್ವ ಹೋಗೋ ಮುಂದ ನನಗೂ ಒಂದ ಚಿಟಿಕಿ ಬೀಜ ಕೊಟ್ಟಿದ್ರು. ನಿಮಗ ಹೇಳಬ್ಯಾಡ ಅಂದಿದ್ರು."

ಆ ಚಂದದ ಕಾಯಿಯ ಕಡೆ ನನ್ನ ಕೈ ತಾನಾಗಿಯೇ ಹೋಯಿತು.

"ಅದು ಬೀಜಕ್ಕ" ಅಂದರು ಶಿವಕ್ಕ. "ಬೀಗರು ಬಂದರೂ ಅದಕ್ಕ ಕೈ ಹಚ್ಚಂಗಿಲ್ಲ. ಹಣ್ಣಾದ ಮ್ಯಾಲೆ ಬೀಜ ಕೊಡತೇನಿ. ಈಗ ಈ ಡೊಂಕವು ಎರಡು ತಗೊಂಡ ಹೋಗ್ರಿ."

ಮನೆಗೆ ಬಂದು ಮುಧೋಳಕ್ಕೆ ಫೋನ್ ಮಾಡಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ದೊಡ್ಡವ್ವ, ನಮ್ಮ ಹಿತ್ತಲದಾಗಿನ್ವು ಎಲ್ಲಾ ಒಣಗಿದುವು. ನಂದ ತಪ್ಪು. ಶಿವಕ್ಕನ ಕಡೆ ಅದಾವ."

ಆಚೆ ಕಡೆಯಿಂದ ಅವಳ ಹಳೆಯ ನಗು.

"ಮತ್ತ ಆಕಿಗೆ ಯಾಕ ಕೊಟ್ಟಿದ್ದೆ ಅಂತ ಮಾಡಿದಿ? ನೀ ನನ್ನ ಕೈಯಾಗ ಬೆಳದಾಂವ ಅದೀಯೋ."