ಕರೀಂ ಸಾಬ್ರ ರಜೆ

ಬೆಳಿಗ್ಗೆ ಪೇಪರ್ ಓದುತ್ತಿದ್ದ ಮೊಮ್ಮಗ ಹಣೆ ಚಚ್ಚಿಕೊಂಡ. ಸರ್ಕಾರಿ ರಜೆಯೊಂದು ಭಾನುವಾರಕ್ಕೆ ಬಿದ್ದಿದೆಯಂತೆ. "ವೇಸ್ಟ್ ಆಗೋಯ್ತು ಅಜ್ಜಿ!" ಯಾರ ನೆನಪಿನ ರಜೆ ಅದು ಎಂದರೆ ಅವನಿಗೆ ಗೊತ್ತಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ ಬಿಡಿ. ಯಾರ ಹೆಸರಿನಲ್ಲಿ ರಜೆ ಬರುತ್ತದೋ ಅವರಿಗೇ ಅದು ಸಿಗದ ನಾನ್ಸೆನ್ಸನ್ನು ನಾನು ಫ್ರಾಕ್ ತೊಡುವ ವಯಸ್ಸಿನಲ್ಲೇ ನೋಡಿದ್ದೇನೆ.

ಆಗ ಮಹಾರಾಜರ ಕಾಲ. ಜರ್ಮನ್ ಯುದ್ಧ, ಅದೇ ಮೊದಲ ಮಹಾಯುದ್ಧ, ಮುಗಿದು ಕೆಲವು ವರ್ಷಗಳಾಗಿದ್ದವು. ನನ್ನ ತಂದೆ ಚನ್ನಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡರ್. ಸಿಸ್ಟರುಗಳ ದಯೆಯಿಂದ ನನಗೆ ಇಂಗ್ಲಿಷೂ ಹಸಿವೂ ಚೆನ್ನಾಗಿ ಬರುತ್ತಿದ್ದವು. ಕಚೇರಿಯ ಜವಾನ ಕರೀಂ ಸಾಬ್ರು ಕುದುರೆಪಡೆಯ ಜೊತೆ ಈಜಿಪ್ಟಿಗೆ ಹೋಗಿ, ಒಂದು ಕಾಲು ಕುಂಟಾಗಿಸಿಕೊಂಡು ಬಂದವರು. ಓಡಾಟವೆಲ್ಲ ಕೋಲೂರಿಕೊಂಡೇ.

ಆ ವರ್ಷ ಆರ್ಡರ್ ಬಂತು: ಯುದ್ಧ ನಿಂತ ದಿನ, ಸೈನಿಕರ ಗೌರವಾರ್ಥ, ನೌಕರರಿಗೆಲ್ಲ ಸಂಬಳಸಹಿತ ರಜೆ. ಗುಮಾಸ್ತರು ಇಸ್ಪೀಟಿಗೆ ಜೊತೆ ಹುಡುಕತೊಡಗಿದರು. ಸಾಬ್ರು ಅಕ್ಕೂರಿಗೆ ಹೇಳಿಕಳಿಸಿದರು: "ರಜಾ ಕೊಟ್ಟವ್ರೆ, ಬತ್ತೀನಿ." ಅಲ್ಲಿ ಅವರ ಜೊತೆಗಾರ ನಿಂಗಯ್ಯನ ತಾಯಿ ಇದ್ದಳು. ನಿಂಗಯ್ಯನನ್ನು ಮರಳುಗಾಡಿನಲ್ಲಿ ಮಣ್ಣು ಮಾಡಿದವರು ಇದೇ ಸಾಬ್ರು. ಆ ತಾಯಿಯದು ಒಂದೇ ಹಟ: "ಕಣ್ಣಾರೆ ಕಂಡೋನು ಬಂದು ನನ್ ಮುಂದೆ ಯೋಳ್ಬೇಕು. ಅಲ್ಲೀಗಂಟ ನನ್ ಮಗನ್ಗೆ ಎಡೆ ಇಕ್ಕಾಕಿಲ್ಲ." ಸಾಬ್ರಿಗೋ ಭಾನುವಾರವೂ ಖಜಾನೆಯ ಕಾವಲು, ಇಷ್ಟು ವರ್ಷ ಹೋಗಲಾಗಿರಲಿಲ್ಲ.

ಕಾನ್ವೆಂಟಿಗೂ ರಜೆ ಸಿಕ್ಕಿ ನಾನು ಊರಿಗೆ ಬಂದಿದ್ದೆ. ಹಿಂದಿನ ದಿನ ತಂದೆ ಸಾಬ್ರನ್ನು ಕರೆದರು. "ನಾಳೆ ಇಲ್ಲೇ ಸಭೆ. ಮೆಡಲ್ ಹಾಕ್ಕೊಂಡು ಬಾ."

"ನಾಳೆ ರಜಾ ಅಲ್ವಾ ಸ್ವಾಮಿ? ಅಕ್ಕೂರಲ್ಲಿ ಮುದುಕಿ ಕಾಯ್ತಾ ಅವ್ಳೆ."

"ಸನ್ಮಾನ ನಿನಗೇ ಕಣಯ್ಯ! ನೀನೇ ಇಲ್ದಿದ್ರೆ ಹಾರ ಯಾರಿಗೆ ಹಾಕೋದು? ಹಾಗೇ ಬೇಗ ಬಂದು ಕುರ್ಚಿ ಜೋಡಿಸಿಬಿಡು."

"ಕುರ್ಚಿ ಆಕಾಕೆ ಬ್ಯಾರೆ ಯಾರೂ ಇಲ್ವಾ ಸ್ವಾಮಿ?"

"ಅವರಿಗೆಲ್ಲ ರಜೆ."

ತಂದೆ ಇದನ್ನು ಪೂರ್ತಿ ಸೀರಿಯಸ್ಸಾಗಿಯೇ ಹೇಳಿದರು, ನೋಡಿ.

ಸಾಬ್ರು ಜೋಡಿಸಿದ ಕುರ್ಚಿಗಳಲ್ಲಿ ಅಮಲ್ದಾರರೂ ಊರಿನ ಸಾಹುಕಾರರೂ ಕೂತರು. ಸನ್ಮಾನಿತರು ಹಾರ ಹಾಕಿಕೊಂಡು ಕಂಬಕ್ಕೊರಗಿ ನಿಂತರು. ಭಾಷಣದ ಮೇಲೆ ಭಾಷಣ. ನಡುನಡುವೆ ಸಾಬ್ರು ಬಗ್ಗಿ, "ಹೋಗ್ಲಾ ಸ್ವಾಮಿ?" ಎಂದರೆ ತಂದೆ, "ಇರಯ್ಯ, ಕುರ್ಚಿ ಒಳಗಿಡೋರು ಯಾರು?" ಎಂದು ಪಿಸುಗುಟ್ಟುತ್ತಿದ್ದರು.

ಕೊನೆಗೆ ಮೌನಾಚರಣೆ. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಆಗ ಕಲ್ಲುಹಾಸಿನ ಮೇಲೆ ಟಕ್, ಟಕ್ ಎಂದು ಕೋಲಿನ ಸದ್ದು. ಸಾಬ್ರು ಗೇಟಿನ ಕಡೆ ನಡೆದಿದ್ದರು. ತಂದೆಯ ಮುಖ ಕೆಂಪಾಯಿತು. ಬಾಯಿ ತೆರೆದರು, ಮುಚ್ಚಿದರು. ಸತ್ತ ಸೈನಿಕರಿಗೆ ಗೌರವ ಕೊಡುತ್ತಿರುವಾಗ "ಏಯ್, ನಿಲ್ಲೋ" ಎಂದು ಕೂಗುವುದು ಹೇಗೆ? ಸದ್ದು ಅಕ್ಕೂರಿನ ರಸ್ತೆಗಿಳಿದು ದೂರವಾದ ಮೇಲೆಯೇ ಅಮಲ್ದಾರರು ತಲೆ ಎತ್ತಿದ್ದು.

ಅಂದು ಸಂಜೆ ನಿಂಗಯ್ಯನಿಗೆ ಎಡೆ ಇಟ್ಟರಂತೆ. ಮಾರನೆಯ ದಿನ ತಂದೆ ಸಾಬ್ರಿಗೆ ಮೆಮೋ ಕೊಟ್ಟರು. ರಜೆಯ ದಿನ ಗೈರುಹಾಜರಾದದ್ದಕ್ಕೆ! ಇಷ್ಟು ವರ್ಷಗಳಾದರೂ ಮೈಯೆಲ್ಲ ಉರಿಯುತ್ತದೆ.

ಈಗ ಯಾವ ಸಭೆಯಲ್ಲಾದರೂ ಮೌನಾಚರಣೆ ಎಂದರೆ ನಾನು ತಲೆ ತಗ್ಗಿಸುವುದಿಲ್ಲ. ಮ್ಯಾನರ್ಸ್ ಇಲ್ಲದ ಮುದುಕಿ ಎನ್ನಲಿ. ಹೋಗಬೇಕಾದವರು ಯಾರಾದರೂ ಹಿಂದೆ ನಿಂತಿದ್ದಾರೆಯೇ ಎಂದು ತಿರುಗಿ ನೋಡುತ್ತೇನೆ, ಇದ್ದರೆ ಒಸಿ ಸರಿದು ದಾರಿ ಬಿಡುತ್ತೇನೆ.