ರಾಣಿಯ ಮಾತಿಗೆ ಇಟ್ಟ ಚುಕ್ಕಿಗಳು

೧೯೯೭ರಲ್ಲಿ ನನ್ನನ್ನು ಕೆ.ಆರ್. ಪೇಟೆಯ ಕಂಪ್ಯೂಟರ್ ಕೇಂದ್ರಕ್ಕೆ ಹಾಕಿದರು. ಕೇಂದ್ರ ಎನ್ನುವುದು ಬೋರ್ಡಿನ ಮಾತು. ಇದ್ದದ್ದು ಗೊಬ್ಬರದಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಅದರಲ್ಲಿ ನಾನೊಬ್ಬ. ನಿಜವಾದ ಯಂತ್ರ ಮೈಸೂರಿನಲ್ಲಿ, ನನಗೆ ಸಂಬಳ ಕೊಡುವ ಕಂಪನಿಯಲ್ಲಿತ್ತು. ನನ್ನ ಮುಂದಿದ್ದದ್ದು ಟರ್ಮಿನಲ್, ಅಂದರೆ ಬರೀ ಪರದೆ ಮತ್ತು ಕೀಬೋರ್ಡು; ಟೆಲಿಫೋನ್ ತಂತಿಯಲ್ಲಿ ಅದನ್ನು ಮೈಸೂರಿಗೆ ಜೋಡಿಸಲು ಒಂದು ಮೋಡೆಮ್. ಯಂತ್ರ ಕೊಳ್ಳಲಾರದವರು ಬಳಸಿದಷ್ಟು ಹೊತ್ತಿಗೆ ಬಾಡಿಗೆ ಕೊಟ್ಟರಾಯಿತು. ಈಗ ಇದನ್ನೇ ಕ್ಲೌಡ್ ಎಂದು ಮೆರೆಸುತ್ತಾರೆ. ಆಗ ಯಾರೂ ಮೆಟ್ಟಿಲು ಹತ್ತುತ್ತಿರಲಿಲ್ಲ. ಬೆಳಗಿನಿಂದ ಒಂದು ಮಾತೂ ಆಡಿಲ್ಲ ಎಂಬುದು ಎಷ್ಟೋ ಸಂಜೆ ಬೀಗ ಹಾಕುವಾಗ ಹೊಳೆದು ಸಂಕಟವಾಗುತ್ತಿತ್ತು.

ಬುಧವಾರ ಮಾತ್ರ ಕಿಕ್ಕೇರಿಯಿಂದ ಚನ್ನೇಗೌಡರು ಬರುತ್ತಿದ್ದರು. ಊರೂರಿಗೆ ಹೋಗಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ತಾವೇ ಬರೆದ ರಾಜ-ರಾಣಿಯ ನಾಟಕವನ್ನು ಟೈಪು ಮಾಡಿಸಬೇಕಿತ್ತು. ರಾಣಿಯ ಪಾರ್ಟು ನಾಗಮಂಗಲದ ಟೈಲರ್ ಹುಸೇನ್ ಸಾಬರದು. ಅವರು ರಂಗದ ಮೇಲೆ ಹೊಸ ಮಾತು ಸೇರಿಸಿದಾಗೆಲ್ಲ ಮೇಷ್ಟ್ರು ಅದನ್ನೂ ಬರೆದಿಟ್ಟಿದ್ದರು.

"ಅವ್ನು ತೀರೋದ ಕಣಪ್ಪ. ಅವ್ನ್ ಮಾತು ಇದ್ರಲ್ಲೇ ಉಳ್ದಿರಾದು" ಎಂದು ಮೊದಲ ದಿನವೇ ಹೇಳಿದ್ದರು.

ಅವರು ಓದುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಟೈಪು ಮುಗಿದಾಗ ಅವರಿಗೆ ಖುಷಿ, ನನಗೆ ಬೇಜಾರು.

ಪ್ರಿಂಟು ತೆಗೆಸುವ ಮೊದಲೇ ಮೇಷ್ಟ್ರು ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಬರಲಿಲ್ಲ. ಅಷ್ಟರಲ್ಲಿ ಕಂಪನಿ, ಬಳಕೆಯಿಲ್ಲದ ಖಾತೆಗಳನ್ನು ಅಳಿಸುವ ನಿಯಮ ಮಾಡಿತು. ನನಗೆ ತಿಳಿಸಿದ್ದು ಅಳಿಸಿಯಾದ ಮೇಲೆ. ಫೋನಿನಲ್ಲಿ ಜಗಳವಾಡಿದೆ. ನಕಲಿದ್ದ ಟೇಪಿನ ಮೇಲೂ ಬೇರೇನೋ ಬರೆದಾಗಿತ್ತು.

ಮೇಷ್ಟ್ರು ಬಂದಾಗ ಇದ್ದದ್ದು ಹೇಳಿ, "ಹಳೇ ಹಾಳೆ ತನ್ನಿ, ಮತ್ತೆ ಹೊಡೀತೀನಿ" ಎಂದೆ.

"ಎಲ್ಲಿಂದ ತರ್ಲಪ್ಪ? ಗಂಜಾಮ್‌ತಾವು ಒಳೆಗೆ ಬುಟ್ಬುಟ್ಟೆ. ಸರಸ್ವತೀನ ಕಸಕ್ಕೆ ಆಕಾದಾ?"

ಅಕ್ಷರವಿರುವ ಹಾಳೆ ಜೀರ್ಣವಾದರೆ ನೀರಿಗೆ ಬಿಡುವುದು ನಮ್ಮ ಕಡೆಯ ರೂಢಿ. ಯಂತ್ರಕ್ಕೆ ಸೇರಿತಲ್ಲ ಎಂಬ ಧೈರ್ಯದಲ್ಲಿ ಅವರು ಅರಿಶಿನ ಕುಂಕುಮವಿಟ್ಟು ಎಲ್ಲವನ್ನೂ ಕಾವೇರಿಗೆ ಒಪ್ಪಿಸಿದ್ದರು.

ಪಾತ್ರಧಾರಿಗಳನ್ನು ಕರೆಸೋಣ ಎಂದೆ. ಪಾಂಡವಪುರದಿಂದ ರಾಜ ಬಂದ, ಬೆಳ್ಳೂರಿನಿಂದ ಮಂತ್ರಿ. ತಮ್ಮ ಪಾರ್ಟು ನೀರು ಕುಡಿದ ಹಾಗೆ ಹೇಳಿದರು. ಆದರೆ ಹಳ್ಳಿ ನಾಟಕದಲ್ಲಿ ಒಬ್ಬೊಬ್ಬರೂ ತಮ್ಮ ಮಾತನ್ನಷ್ಟೇ ಕಲಿಯುವುದು. ಎದುರಿನವರದರಲ್ಲಿ ಕೊನೆಯ ಎರಡು ಪದ ಗೊತ್ತಿದ್ದರೆ ಸಾಕು, ಅದು ಕಿವಿಗೆ ಬಿದ್ದೊಡನೆ ಎತ್ತಿಕೊಳ್ಳಲು.

"ಅವ್ಳು 'ಕಾದಿರುವೆನು ಪ್ರಭು' ಅಂದ್ಮೇಲೆ ನಂದು" ಎಂದ ರಾಜ. "ಅದ್ಕೆ ಮುಂಚೆ ಏನಂತಿದ್ಲೋ, ನಾನ್ಯಾವತ್ತೂ ಕೇಳುಸ್ಕಂಡೇ ಇಲ್ಲ."

ರಾಣಿಯದು ಉಳಿದದ್ದು ಆ ಬಾಲಗಳಷ್ಟೇ. ಮಿಕ್ಕದ್ದನ್ನು ನೀವೇ ಬರೆಯಿರಿ ಎಂದೆ ಮೇಷ್ಟ್ರಿಗೆ.

"ಬರೀಬೋದು. ಅದು ನನ್ ಮಾತಾಯ್ತದೆ, ಉಸೇನುಂದಾಗಕಿಲ್ಲ. ಚುಕ್ಕಿ ಇಕ್ಬುಡು."

ಇನ್ನೊಂದು ಪ್ರತಿ ಕೈಗೆ ಬರುವವರೆಗೆ ಮೊದಲನೆಯದನ್ನು ಬಿಡಬಾರದು. ನಿವೃತ್ತನಾಗುವವರೆಗೂ ಗಿರಾಕಿಗಳಿಗೆ ಈ ಮಾತು ಹೇಳುತ್ತಲೇ ಬಂದೆ. ಹೇಳುವಾಗೆಲ್ಲ ಪ್ರಿಂಟು ಬಂದ ದಿನ ಕಣ್ಣಿಗೆ ಕಟ್ಟುತ್ತಿತ್ತು. ಮೇಷ್ಟ್ರು ಅಲ್ಲೇ ಕೂತು ಗಟ್ಟಿಯಾಗಿ ಓದಿದರು. ಚುಕ್ಕಿ ಬಂದಲ್ಲೆಲ್ಲ ನಿಲ್ಲಿಸಿ, ಹುಸೇನ್ ಸಾಬರು ಆ ಮಾತು ಮುಗಿಸಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ಸುಮ್ಮನಿದ್ದು, ಮುಂದಕ್ಕೆ ಹೋದರು.