ಮುನಿಗಂಗಮ್ಮನ ಎಡಗಾಲು

ಮುಳಬಾಗಿಲಿನ ಹತ್ತಿರದ ಒಂದು ಹಳ್ಳಿಯಲ್ಲಿ ಮುನಿಗಂಗಮ್ಮ ಹುಟ್ಟಿದಾಗ ಸೂಲಗಿತ್ತಿಯ ಕೈಗೆ ಮೊದಲು ಸಿಕ್ಕಿದ್ದು ಕೂಸಿನ ಎಡಗಾಲು. ತಾಯಿಯೂ ಮಗುವೂ ಉಳಿದುಕೊಂಡದ್ದೇ ಹೆಚ್ಚೆನಿಸಿದ ಆ ಹೆರಿಗೆಯ ನಂತರ ಆ ಕಾಲು ಅವಳೊಬ್ಬಳ ಸ್ವತ್ತಾಗಿ ಉಳಿಯಲಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂಬುದು ನಮ್ಮ ಸೀಮೆಯವರ ನಂಬಿಕೆ. ಸುಗಟೂರಿನ ಆಂಜಿನಮ್ಮ ತನ್ನ ಮಗ ವೆಂಕಟರಾಯಪ್ಪನಿಗೆ ಆ ಹುಡುಗಿಯನ್ನು ತಂದುಕೊಂಡದ್ದು ಬಣ್ಣ ನೋಡಿಯೂ ಅಲ್ಲ, ಬಂಗಾರ ನೋಡಿಯೂ ಅಲ್ಲ. ಆ ಕಾಲು ತನ್ನ ಹೊಸ್ತಿಲ ಒಳಗಿರಲೆಂದು.

ಭಾನುವಾರದ ಬೆಳಗ್ಗೆ ನೋವಿನವರು ಬರಿಹೊಟ್ಟೆಯಲ್ಲಿ ಬಂದು ಆ ಮನೆಯ ಅಂಗಳದಲ್ಲಿ ಬೋರಲು ಮಲಗುವರು. ಮುನಿಗಂಗಮ್ಮ ನೆರಿಗೆಯನ್ನು ಎತ್ತಿ ಸಿಕ್ಕಿಸಿ, ಎಡಗಾಲಿನಿಂದ ಅವರ ಸೊಂಟಕ್ಕೆ ಮೂರು ಸಲ ಒದೆಯುವಳು. ವೀಳ್ಯದೆಲೆ ಅಡಿಕೆಯ ಹೊರತು ಬೇರೇನನ್ನೂ ಮುಟ್ಟುವಂತಿರಲಿಲ್ಲ. ಉಳುಕು ಬಿಟ್ಟು ಎದ್ದು ಹೋದವರು ಅವಳನ್ನು ಊರೂರಲ್ಲಿ ಕೊಂಡಾಡಿದರು. ಬಿಡದಿದ್ದವರು ತಮ್ಮ ಗ್ರಹಚಾರವನ್ನು ಹಳಿದುಕೊಂಡರೇ ವಿನಾ ಅವಳ ಕಾಲನ್ನಲ್ಲ. ಅವಳಿಗೂ ಅದರಲ್ಲಿ ಪೂರ್ಣ ನಂಬಿಕೆಯಿತ್ತು. ಅದನ್ನು ಮರೆಮಾಡಿ ಅವಳನ್ನು ಮೊದಲಿನಿಂದಲೂ ತಿಳಿದವಳೆಂದು ಚಿತ್ರಿಸುವುದು ನನಗೆ ಒಪ್ಪಿಗೆಯಿಲ್ಲ. ಎದುರುಮನೆಯ ಜಗಲಿಯಿಂದ ನಾನು ಕಂಡದ್ದನ್ನೂ ಅವಳೇ ನನಗೆ ಹೇಳಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಯುದ್ಧ ಮುಗಿದ ಮರುವರ್ಷ, ನಲವತ್ತಾರರಲ್ಲಿ, ಆ ಕಾಲು ಸೋತಿತು.

ರೇಷ್ಮೆಹುಳು ಕೊನೆಯ ಪೊರೆ ಬಿಟ್ಟು ಎದ್ದಿದ್ದ ದಿನಗಳು. ಆಗ ಹುಳುವಿನ ಹಸಿವಿಗೆ ಹೊತ್ತುಗೊತ್ತಿಲ್ಲ; ಹಿಪ್ಪುನೇರಳೆ ಸೊಪ್ಪನ್ನು ಎಷ್ಟು ತಂದು ಸುರಿದರೂ ತಟ್ಟೆ ಬರಿದಾಗುತ್ತದೆ. ಮುನಿಗಂಗಮ್ಮ ಸೊಪ್ಪು ತುಂಬಿದ ಮಂಕರಿಬುಟ್ಟಿಯನ್ನು ನೆಲದಿಂದ ಎತ್ತಿ, ಸೊಂಟ ತಿರುಗಿಸಿ ಸುರಿಯಹೋದಾಗ ಬೆನ್ನಿನ ಕೆಳಗೆ ಏನೋ ಹರಿದಂತಾಯಿತು. ಸಂಜೆಯ ವೇಳೆಗೆ ನೋವು ಪಿರ್ರೆಯಿಂದ ಇಳಿದು, ತೊಡೆಯ ಹಿಂಭಾಗದಲ್ಲಿ ಹಾದು, ಮೀನಖಂಡದ ಹೊರಬದಿಯಿಂದ ಹೆಬ್ಬೆರಳನ್ನು ಮುಟ್ಟಿತು. ಕೆಮ್ಮಿದರೆ ಕಾಲಿನುದ್ದಕ್ಕೂ ಕಾದ ಸರಳು ಎಳೆದಂತಾಗುತ್ತಿತ್ತು. ಕೆಲವು ದಿನಗಳಲ್ಲಿ ನೋವಿಗಿಂತ ಹೆಚ್ಚು ಅಂಜಿಸುವ ಸಂಗತಿ ಕಂಡಿತು. ನಡೆಯುವಾಗ ಎಡಪಾದದ ಮುಂಭಾಗ ಮೇಲೇಳದೆ ನೆಲವನ್ನು ಉಜ್ಜುತ್ತಿತ್ತು. ಹೆಬ್ಬೆರಳನ್ನು ಎತ್ತಬೇಕೆಂದು ಅವಳು ಹಲ್ಲು ಕಚ್ಚಿ ಪ್ರಯತ್ನಿಸಿದಳು. ಬೆರಳು ಅಲುಗಲಿಲ್ಲ.

“ಊರೋರ ನೋವೆಲ್ಲ ಕಾಲಿಗೆ ಎಳ್ಕೊಂಡೆ ಕಣೇ ಗಂಗಿ, ಈಗ ಅದು ತುಂಬ್ಕೊಂಡೈತೆ,” ಎಂದಳು ಅತ್ತೆ ಆಂಜಿನಮ್ಮ. ಹರಳೆಣ್ಣೆ ಹಚ್ಚಿದರು, ಹುರಿದ ಮರಳಿನ ಗಂಟಿನಿಂದ ಕಾವು ಕೊಟ್ಟರು. ಪಾದ ಜೋತೇ ಇತ್ತು. ಹೆಚ್ಚು ಮಾತನಾಡದ ವೆಂಕಟರಾಯಪ್ಪ ಒಂದು ಬೆಳಗ್ಗೆ ಗಾಡಿಯಲ್ಲಿ ಹುಲ್ಲು ಹಾಸಿ, ಹೆಂಡತಿಯನ್ನು ಮಲಗಿಸಿಕೊಂಡು ಕೋಲಾರದ ಆಸ್ಪತ್ರೆಗೆ ಹೊಡೆದುಕೊಂಡು ಹೋದ.

ಡಾಕ್ಟರು ಕಾಲನ್ನು ನೆಟ್ಟಗೆ ಎತ್ತಿ, ಬೆರಳುಗಳನ್ನು ಒತ್ತಿ ನೋಡಿ, ಬೆನ್ನೆಲುಬಿನ ಮೆತ್ತೆ ಜಾರಿದೆಯೆಂದರು. ಅದನ್ನು ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆ ದೂರದ ದೊಡ್ಡ ಊರುಗಳಲ್ಲಿ ಉಂಟು, ಮೊದಲು ವಿಶ್ರಾಂತಿ ಮತ್ತು ವ್ಯಾಯಾಮದಿಂದ ನೋಡೋಣವೆಂದು ಹೇಳಿ ಅವಳನ್ನು ಶಾಮಲಮ್ಮನವರಿಗೆ ಒಪ್ಪಿಸಿದರು. ಯುದ್ಧಕಾಲದಲ್ಲಿ ಗಾಯಗೊಂಡ ಸಿಪಾಯಿಗಳನ್ನು ಮತ್ತೆ ನಡೆಸುವ ವಿದ್ಯೆಯನ್ನು ಬೆಂಗಳೂರಿನಲ್ಲಿ ಕಲಿತು ಬಂದ ನರ್ಸ್ ಆಕೆ.

“ಒಬ್ಬಟ್ಟು ತಟ್ಟಿದ್ದೀರಾ?” ಎಂದು ಶಾಮಲಮ್ಮ ಕೇಳಿದರು.

“ತಟ್ಟದೆ ಉಂಟಾ?”

“ಕಣಕ ತೆಳ್ಳಗಾದ ಕಡೆ ಬಿರಿದ್ರೆ?”

“ಹೂರಣ ಈಚೆಗೆ ಬತ್ತದೆ.”

“ನಿಮ್ಮ ಬೆನ್ನಲ್ಲೂ ಅದೇ ಆಗಿರೋದು. ಮೂಳೆಗೂ ಮೂಳೆಗೂ ಮಧ್ಯೆ ಒಂದೊಂದು ಮೆತ್ತೆ ಇರುತ್ತೆ. ಸುತ್ತ ಗಟ್ಟಿ ಕವಚ, ಒಳಗೆ ತಿರುಳು. ಕವಚ ಬಿರಿದು, ತಿರುಳು ಈಚೆ ಬಂದು, ಕಾಲಿಗೆ ಹೋಗೋ ನರಾನ ಅಮುಕ್ತಾ ಇದೆ. ಕಾಲು ಕೆಟ್ಟಿಲ್ಲಮ್ಮ. ಕಾಲಿಗೆ ಬರೋ ದಾರಿ ಕಟ್ಟಿದೆ.”

ಮುನಿಗಂಗಮ್ಮ ಬೆನ್ನಿನ ಕೆಳಗೆ ಕೈಯಿಟ್ಟು ತೋರಿಸಿ ಕೇಳಿದಳು: “ಅಲ್ಲಿಗೆ ಒದ್ರೆ?”

ಅವಳು ಯಾರೆಂಬುದನ್ನು ವೆಂಕಟರಾಯಪ್ಪ ಆಗಲೇ ಹೇಳಿದ್ದ. ಶಾಮಲಮ್ಮ ನಗಲಿಲ್ಲ. “ಬಿರಿದ ಒಬ್ಬಟ್ಟಿನ ಮೇಲೆ ಕಾಲಿಟ್ರೆ ಹೂರಣ ಯಾವ ಕಡೆ ಹೋಗುತ್ತೆ, ನೀವೇ ಹೇಳಿ. ಈಗ ಒಂದು ಪಾದ ಸೋತಿದೆ. ಏಟು ಬಿದ್ರೆ ಎರಡು ಕಾಲೂ ಹೋಗಬಹುದು, ಮೂತ್ರ ಕಟ್ಟಬಹುದು. ತಡಮಾಡಿದ್ರೂ ಕಷ್ಟ. ನರ ಬಹಳ ದಿನ ಅಮುಕಿದ್ರೆ ಪಾದ ಹೀಗೇ ಉಳಿದುಬಿಡುತ್ತೆ.”

ಮನೆಯಲ್ಲಿ ಮಾಡಬೇಕಾದುದನ್ನು ಶಾಮಲಮ್ಮ ಮಾಡಿಸಿಯೇ ಕಲಿಸಿದರು. ಹಲಗೆಯ ಮೇಲೆ ಬೋರಲು ಮಲಗಿ ಉಸಿರು ಸಡಿಲ ಬಿಡುವುದು. ಅದು ಒಗ್ಗಿದ ಮೇಲೆ ಮೊಣಕೈ ಊರಿ ಎದೆಯನ್ನಷ್ಟೇ ಎತ್ತುವುದು. ಆಮೇಲೆ ಅಂಗಳದಲ್ಲಿ ಸ್ವಲ್ಪ ಸ್ವಲ್ಪವೇ ನಡೆಯುವುದು. ಬಗ್ಗಬಾರದು, ಭಾರ ಎತ್ತಬಾರದು, ಕುಕ್ಕರುಗಾಲಲ್ಲಿ ಕೂರಬಾರದು. “ಇನ್ನೊಂದು ಮಾತು. ನೋವು ಕಾಲಿನಿಂದ ಮೇಲಕ್ಕೆ ಸರಿದು ಸೊಂಟದಲ್ಲೇ ಜೋರಾದ್ರೆ ಹೆದರಬೇಡಿ, ಅದು ಒಳ್ಳೇ ಗುರುತು. ಕೆಳಕ್ಕೆ ಇಳಿದ್ರೆ ಮಾತ್ರ ನಿಲ್ಲಿಸಿ ಇಲ್ಲಿಗೆ ಬನ್ನಿ.”

ಸುಗ್ಗಿಯಂತೆ ಕೆಲಸ ತುಂಬಿದ ಮನೆಯಲ್ಲಿ ಸೊಸೆಯೊಬ್ಬಳು ಹಗಲು ಹೊತ್ತು ಹಲಗೆಯ ಮೇಲೆ ಮಲಗುವುದೆಂದರೇನೆಂದು ಹೆಂಗಸರಿಗೆ ವಿವರಿಸಬೇಕಿಲ್ಲ. “ಹಲ್ಲಿ ಹಂಗೆ ಬಿದ್ದವಳೆ ನೋಡ್ರಮ್ಮ. ಇದಕ್ಕೆ ಔಷ್ದ ಅಂತ ಹೆಸರು!” ಎಂದು ಆಂಜಿನಮ್ಮ ಬೀದಿಗೆ ಕೇಳುವಂತೆ ಹೇಳುವಳು. ಮುನಿಗಂಗಮ್ಮ ಹಲಗೆಯ ಅಂಚನ್ನು ಹಿಡಿದು ಎದೆ ಎತ್ತುವಳು, ಇಳಿಸುವಳು. ಆ ಹಟ ನನಗೆ ಮೆಚ್ಚುಗೆಯಾಯಿತು.

ಕೆಲವು ದಿನಗಳಲ್ಲಿ ನೋವು ಹೆಬ್ಬೆರಳನ್ನು ಬಿಟ್ಟಿತು. ಬಳಿಕ ಮೀನಖಂಡವನ್ನು, ಆಮೇಲೆ ತೊಡೆಯನ್ನು ಬಿಟ್ಟು, ಸೊಂಟದಲ್ಲಿ ಸೇರಿ ಹಿಂದೆಂದಿಗಿಂತ ಉಗ್ರವಾಯಿತು. ಅವಳು ಒಂದು ಮಧ್ಯಾಹ್ನ ತಡೆಯಲಾರದೆ ನರಳಿದಾಗ ಆಂಜಿನಮ್ಮ ವಿಷಯವನ್ನು ಬಾಯಿಬಿಡಿಸಿದಳು. ಬಿಡಿಸಿದವಳೇ ಎದೆಗೆ ಕೈಯಿಟ್ಟುಕೊಂಡಳು. ಹಾವು ಕಚ್ಚಿದ ನಂಜು ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ನೆತ್ತಿಗೆ ಏರುವುದನ್ನು ಕಂಡ ಊರು ನಮ್ಮದು.

“ಏರ್ತಾ ಐತೆ ಕಣೋ!” ಎಂದು ಅವಳು ಮಗನನ್ನು ಕೂಗಿದಳು. “ಪಾದದಿಂದ ಹತ್ತಿ ಸೊಂಟಕ್ಕೆ ಬಂದೈತೆ, ಇನ್ನು ಎದೆಗೆ ಬರೋಕೆ ಎಷ್ಟೊತ್ತು? ನಿನ್ ಹೆಂಡ್ತಿ ಉಳೀಬೇಕೋ ಬ್ಯಾಡ್ವೋ?”

“ಮೇಲಕ್ಕೆ ಸರಿದ್ರೆ ಒಳ್ಳೇದು ಅಂತ ಅವರೇ ಹೇಳವ್ರೆ, ಅತ್ತೆ,” ಎಂದಳು ಮುನಿಗಂಗಮ್ಮ. ಆದರೆ ಆ ಹೊತ್ತಿನಲ್ಲಿ ತನಗೇ ತನ್ನ ಮಾತಿನಲ್ಲಿ ನಂಬಿಕೆಯಿರಲಿಲ್ಲವೆಂದು ಅವಳು ಮುಂದೆ ನನಗೆ ಹೇಳಿದಳು. ನೋವು ಹೆಚ್ಚಿತ್ತು, ಹೆಬ್ಬೆರಳು ಇನ್ನೂ ಎದ್ದಿರಲಿಲ್ಲ. ಒಳ್ಳೆಯ ಗುರುತೆಂಬುದಕ್ಕೆ ಶಾಮಲಮ್ಮನವರ ಮಾತೊಂದೇ ಆಧಾರ.

ಆಂಜಿನಮ್ಮ ಯಾರನ್ನೂ ಕೇಳದೆ ರಾಯಲ್ಪಾಡಿಗೆ ಹೇಳಿಕಳುಹಿಸಿದಳು. ಅಲ್ಲಿ ಕಾಲು ಮುಂದಾಗಿ ಹುಟ್ಟಿದ ಗಂಗುಲಪ್ಪನೆಂಬ ಆಳಿದ್ದ. ಮಾವಿನ ತೋಪುಗಳನ್ನು ಕಾಯುವ ದೊಡ್ಡ ಮೈಯವನು.

ಭಾನುವಾರ ಬೆಳಗ್ಗೆ ಅವನು ಬಂದಾಗ ಅಂಗಳ ತುಂಬಿತ್ತು. ಒದೆಯುವವಳಿಗೇ ಒದೆ ಬೀಳುವುದನ್ನು ನೋಡಲು ಯಾರು ತಾನೇ ಬರುವುದಿಲ್ಲ! ಮುನಿಗಂಗಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಅಂಗಳದಲ್ಲಿ ಅವಳಿಗಾಗಿ ಚಾಪೆ ಹಾಸಿತ್ತು.

“ರಾ ತಲ್ಲಿ, ಬಾಮ್ಮ, ಮಲಕ್ಕೋ,” ಎಂದ ಗಂಗುಲಪ್ಪ ಮೃದುವಾಗಿ. ಅವನು ಕೆಟ್ಟವನಲ್ಲ. “ಮೂರೇ ಒದೆ. ನಿನಗೆ ನಾನು ಹೇಳಿಕೊಡಬೇಕಾ?”

“ಬ್ಯಾಡ, ಗಂಗುಲಪ್ಪ.”

ಗಂಗುಲಪ್ಪ ಜನರತ್ತ ಒಮ್ಮೆ ನೋಡಿ ಅವಳ ಕಡೆ ತಿರುಗಿದ.

“ಏಮಮ್ಮ! ನೀನು ಒದ್ರೆ ವಾಸಿ, ನಾನು ಒದ್ರೆ ನೋವಾ?”

“ಒಲ್ಲೆ ಅನ್ನೋಕೆ ನೀನ್ಯಾವಳೇ?” ಎಂದು ಆಂಜಿನಮ್ಮ ಮುಂದೆ ಬಂದಳು. “ಊರೆಲ್ಲ ನಿನ್ ಕಾಲಡಿ ಮಲಗಿತ್ತು. ಇವತ್ತು ನಿನಗೆ ಮಲಗೋಕೆ ನಾಚಿಕೆಯಾ? ಮನೆ ಮಾನ ಕಳೀಬ್ಯಾಡ, ಮಲಗು!” ಎಂದು ಸೊಸೆಯ ರಟ್ಟೆ ಹಿಡಿದು ಎಳೆದಳು. ಎಳೆತಕ್ಕೆ ಸೋತ ಪಾದ ಹೊಸ್ತಿಲಿಗೆ ಎಡವಿತು. ಮುನಿಗಂಗಮ್ಮ ಬೀಳುವವಳು ಚೌಕಟ್ಟಿಗೆ ತೆಕ್ಕೆ ಹಾಕಿ ನಿಂತಳು. ನೋವಿನಿಂದ ಮುಖ ಬಿಳಿಚಿತ್ತು. ವೆಂಕಟರಾಯಪ್ಪ ತಾಯಿಯ ಕೈಯನ್ನು ಬಿಡಿಸಿದನೇ ಹೊರತು ಹೆಂಡತಿಯ ಪರವಾಗಿ ಒಂದು ಮಾತೂ ಆಡಲಿಲ್ಲ. ಮಾತು ಅವಳೊಬ್ಬಳದೇ ಆಗಬೇಕಾಯಿತು.

“ಬೆನ್ನೊಳಗೆ ಮೆತ್ತೆ ಬಿರಿದೈತೆ. ಬಿರಿದ ಒಬ್ಬಟ್ಟನ್ನ ತುಳಿದ್ರೆ ಹೂರಣ ಒಳಕ್ಕೆ ಹೋಗಲ್ಲ. ಏಟು ಬಿದ್ರೆ ಇನ್ನೊಂದು ಕಾಲೂ ಹೋಗ್ತದೆ.”

ಗುಂಪಿನಲ್ಲಿದ್ದ ಚನ್ನರಾಯಪ್ಪನೆಂಬ ಒಕ್ಕಲಿಗ ಎದ್ದು ನಿಂತ. ಅವನು ಎರಡು ಸಲ ಅವಳಿಂದ ಒದೆಸಿಕೊಂಡವನು. “ಅಂಗಾರೆ ನನಗೆ ಒದ್ದೆಯಲ್ಲವ್ವಾ, ಆಗ ನನ್ ಬೆನ್ನಾಗೆ ಏನು ಬಿರಿದಿತ್ತು, ನಿನಗೆ ಗೊತ್ತಿತ್ತಾ?”

ತನ್ನ ಕಾಯಿಲೆ ಬೇರೆ, ಅವರದು ಬೇರೆ ಎಂದು ಅವಳು ಜಾರಿಕೊಳ್ಳಬಹುದಿತ್ತು. ಊರು ಅದನ್ನು ಒಪ್ಪುತ್ತಿತ್ತು, ಕಾಲಿನ ಹೆಸರೂ ಉಳಿಯುತ್ತಿತ್ತು.

“ಗೊತ್ತಿರಲಿಲ್ಲ ಚನ್ನರಾಯಣ್ಣ,” ಎಂದಳು. “ನಿನ್ ಸೊಂಟ ತಾನಾಗೇ ಬಿಟ್ಟಿತೋ ನನ್ನಿಂದ ಬಿಟ್ಟಿತೋ, ಅದೂ ನನಗೆ ಗೊತ್ತಿಲ್ಲ. ಇನ್ಮೇಲೆ ಯಾರಿಗೂ ಒದೆಯಲ್ಲ.”

ಒಬ್ಬರು ನಕ್ಕರು, ಇನ್ನೊಬ್ಬರು ಉಗುಳಿದರು. ಗಂಗುಲಪ್ಪ ಹೆಗಲಿನ ವಲ್ಲಿ ಕೊಡವಿಕೊಂಡು, “ನಾನಾದ್ರೆ ಒದೆಯೋದು ಬಿಡಲ್ಲಪ್ಪ,” ಎಂದು ಹೊರಟ. ಅಂದೇ ಅವನ ಹಿಂದೆ ಸೊಂಟನೋವಿನವರಿಬ್ಬರು ಹೋದರು. ಆಂಜಿನಮ್ಮ ಚಾಪೆಯನ್ನು ಸುತ್ತಿ ಮೂಲೆಗೆ ಎಸೆದು, ಆ ದಿನದಿಂದ ಸೊಸೆಯ ಕೈಯ ನೀರನ್ನೂ ಕೇಳಿ ಕುಡಿಯಲಿಲ್ಲ.

ಮುಂದಿನ ಭಾನುವಾರಗಳಲ್ಲಿ ಆ ಅಂಗಳಕ್ಕೆ ಕಾಗೆಗಳ ಹೊರತು ಯಾರೂ ಬರಲಿಲ್ಲ. ಮುನಿಗಂಗಮ್ಮ ಹಲಗೆಯ ಮೇಲೆ ಮೊಣಕೈ ಊರಿದಳು. ನಂತರ ಅಂಗೈ ಊರಿದಳು. ಸೊಂಟದ ನೋವು ನಿಧಾನವಾಗಿ ಮಂಕಾಯಿತು, ನೆತ್ತಿಗೇನೂ ಏರಲಿಲ್ಲ. ಪಾದವೊಂದು ಮಾತ್ರ ಜೋತೇ ಇತ್ತು. ಇಷ್ಟು ಕಳೆದುಕೊಂಡೂ ಪಾದ ಬಾರದೆ ಹೋದರೆ ಎಂಬ ಮಾತನ್ನು ಅವಳು ಬಾಯಿಬಿಟ್ಟು ಆಡಲಿಲ್ಲ, ನಾನೂ ಕೇಳಲಿಲ್ಲ. ರಾಗಿ ಪೈರು ಮೊಣಕಾಲೆತ್ತರ ಬೆಳೆದಿದ್ದಾಗ, ಹಟ್ಟಿಗೆ ಹೋಗುತ್ತಿದ್ದ ನನ್ನನ್ನು ಅವಳು ಸನ್ನೆ ಮಾಡಿ ಕರೆದಳು. ಹೆಬ್ಬೆರಳನ್ನು ನೋಡೆಂದಳು. ಅದು ನಡುಗಿತು; ಒಂದು ಕಾಳಿನಷ್ಟು ಮೇಲೆದ್ದು ಬಿತ್ತು. ಅವಳು ಅಳಲಿಲ್ಲ. “ಇನ್ನೊಂದ್ಸಲ ನೋಡಕ್ಕ,” ಎಂದಳು.

ಶಾಮಲಮ್ಮನವರು ಹಿಮ್ಮಡಿಯ ಮೇಲೆ ನಡೆಸಿ ನೋಡಿ, ಭಾರವನ್ನು ಅರ್ಧರ್ಧ ಮಾಡಿ ಎತ್ತಬಹುದೆಂದು ಹೇಳಿದ್ದು ಹುರುಳಿ ಬಿತ್ತುವ ಕಾಲದಲ್ಲಿ. ಎಡಪಾದ ಬಲಪಾದದಷ್ಟು ಎಂದಿಗೂ ಏಳಲಿಲ್ಲ. ಆದರೆ ನೆಲಕ್ಕೆ ಉಜ್ಜುವುದು ನಿಂತಿತು.

ಅದಾದ ಸ್ವಲ್ಪ ದಿನಕ್ಕೆ ಮಾಲೂರಿನ ಕಡೆಯ ಹೆಂಗಸೊಬ್ಬಳು ಬಾಡಿಗೆ ಗಾಡಿಯಲ್ಲಿ ಬಂದಿಳಿದಳು. ನಡೆದದ್ದೇನನ್ನೂ ಅರಿಯದವಳು. ಸೊಂಟಕ್ಕೆ ಕೈಯಿಟ್ಟು, ವೀಳ್ಯದೆಲೆ ಹಿಡಿದು, “ಒಂದು ಒದೆ ಕೊಡಿ ತಾಯಿ,” ಎಂದಳು. ಆಂಜಿನಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕಾಲು ಈಗ ಏಳುತ್ತಿತ್ತು, ಬೀದಿಯವರೂ ನೋಡುತ್ತಿದ್ದರು.

“ನೋವು ಕಾಲಿಗೆ ಇಳಿದೈತಾ? ಬೆರಳು ಎತ್ತು ನೋಡಣ,” ಎಂದಳು ಮುನಿಗಂಗಮ್ಮ. ನೋವು ಇಳಿದಿರಲಿಲ್ಲ, ಬೆರಳುಗಳು ಸರಿಯಾಗಿದ್ದವು. “ಹಂಗಾದ್ರೆ ಬೋರಲು ಮಲಗೋದು ತೋರಿಸ್ಕೊಡ್ತೀನಿ. ಒದೆಯಲ್ಲ.”

“ಮಲಗೋಕೆ ಇಷ್ಟು ದೂರ ಬರಬೇಕಿತ್ತಾ? ಮಲಗೋದು ನಮ್ಮನೇಲೂ ಬರುತ್ತೆ,” ಎಂದು ಆ ಹೆಂಗಸು ಸಿಡುಕಿ, ಒದೆಯುವವನೆಂದು ತಾನು ಕೇಳಿದ್ದ ರಾಯಲ್ಪಾಡಿನವನು ಎಲ್ಲಿ ಸಿಗುತ್ತಾನೆಂದು ವಿಚಾರಿಸಿದಳು. ಆಂಜಿನಮ್ಮ ಒಳಗೆ ಹೋದಳು. ದಾರಿ ಹೇಳಿದವಳು ಮುನಿಗಂಗಮ್ಮನೇ. ಶ್ರೀನಿವಾಸಪುರದವರೆಗೆ ಹೋಗಿ ಅಲ್ಲಿ ವಿಚಾರಿಸಬೇಕು. ಆದರೆ ನೋವು ಮೊಣಕಾಲಿನ ಕೆಳಗೆ ಇಳಿದ ದಿನ ಯಾರ ಕಾಲಿನ ಕೆಳಗೂ ಮಲಗದೆ ಕೋಲಾರಕ್ಕೆ ಹೋಗಬೇಕು. ಇದನ್ನು ಆ ಹೆಂಗಸು ತಲೆಯಾಡಿಸುವವರೆಗೂ ಹೇಳುತ್ತ, ಅವಳು ಗಾಡಿಯ ಪಕ್ಕದಲ್ಲಿ ಕೆರೆಯ ಏರಿಯ ತನಕ ನಡೆದುಹೋದಳು.